ಒಂದೇ ರಾತ್ರಿ ಮೂರು ಮೊಲ ಸತ್ತರೆ ಎಲ್ಲಿಂದ ಹುಡುಕಬೇಕು

ನನ್ನ ಹೊಟ್ಟೆಪಾಡು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವುದು. ಹುಬ್ಬಳ್ಳಿಯಲ್ಲಿ ಅಂಗಡಿ, ಕುಂದಗೋಳದ ಕಡೆ ಒಂದಿಷ್ಟು ಎರೆಹೊಲ, ಹೊಲದ ಬದಿಯ ತಗಡಿನ ಶೆಡ್ಡಿನಲ್ಲಿ ನಲವತ್ತೆರಡು ಗೂಡು ಮೊಲ. ಸುಟ್ಟ ಮೋಟಾರು ತಂದವರು ಬಾಗಿಲಲ್ಲೇ ಹೇಳುವುದು ‘ಕಾಯಿಲ್ ಹೋಗಿದೆ’ ಎಂದು. ನಾನು ಕೇಳುವುದು ಯಾವ ಹೊತ್ತಿಗೆ ನಿಂತಿತು, ಆಗ ಪಕ್ಕದ ಹೊಲದ ಮೋಟಾರು ಓಡುತ್ತಿತ್ತೇ ಎಂದು. ಮೂರು ಫೇಸಿನಲ್ಲಿ ಒಂದು ಹೋಗಿ ಸುಟ್ಟಿದ್ದರೆ ಎಷ್ಟು ಚೆನ್ನಾಗಿ ಸುತ್ತಿಕೊಟ್ಟರೂ ವ್ಯರ್ಥ, ನಾಳೆ ಮತ್ತೆ ಸುಡುತ್ತದೆ. ಮೊಲ ಸತ್ತಾಗಲೂ ಕ್ರಮ ಇದೇ. ಸತ್ತ ಮೊಲವನ್ನು ಎತ್ತಿ ನೋಡುವ ಮೊದಲು ಯಾವುದು ಯಾವುದರ ನಂತರ ಸತ್ತಿತು ಎಂಬುದನ್ನು ನೋಡಬೇಕು. ಅದಕ್ಕೂ ಮೊದಲು ಗೇಟಿಗೆ ಬೀಗ ಹಾಕಬೇಕು.

ಮೊದಲ ಗಂಟೆ

ಬೆಳಿಗ್ಗೆ ಹೋದಾಗ ಒಂದು ಮೊಲ ಸತ್ತಿದ್ದರೆ ಅದು ಸಾಕಣೆಯಲ್ಲಿ ಆಗುವಂಥದ್ದೇ. ಆದರೆ ನಿನ್ನೆ ಸಂಜೆ ಮೇವು ತಿಂದು ಚೆನ್ನಾಗಿದ್ದ ದೊಡ್ಡ ಮೊಲಗಳು ಎರಡೋ ಮೂರೋ ಒಂದೇ ರಾತ್ರಿಯಲ್ಲಿ ಸತ್ತಿದ್ದರೆ, ಕಾರಣ ಗೊತ್ತಾಗುವವರೆಗೂ ಅದು ಮೊಲದ ರಕ್ತಸ್ರಾವ ರೋಗ ಎಂದೇ ಎಣಿಸಿ ಕೆಲಸ ಶುರು ಮಾಡಿ. ಎಣಿಕೆ ತಪ್ಪಾದರೆ ಕೆಲವು ದಿನದ ವ್ಯಾಪಾರ ಹೋಗುತ್ತದೆ. ರೋಗ ನಿಜವಾಗಿದ್ದು ನೀವು ಉಡಾಫೆ ಮಾಡಿದರೆ ಶೆಡ್ಡೇ ಹೋಗುತ್ತದೆ, ಜೊತೆಗೆ ಪಕ್ಕದ ಊರಿನವರದೂ.

ಪಶುವೈದ್ಯರು ಇದನ್ನು ಆರ್‌ಎಚ್‌ಡಿ ಎನ್ನುತ್ತಾರೆ. ಕ್ಯಾಲಿಸಿ ಕುಟುಂಬದ ವೈರಾಣುವಿನಿಂದ ಬರುವ ರೋಗ. 1984ರಲ್ಲಿ ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ, ಜರ್ಮನಿಯಿಂದ ತರಿಸಿದ್ದ ಅಂಗೋರಾ ಮೊಲಗಳಲ್ಲಿ ಮೊದಲು ಕಾಣಿಸಿಕೊಂಡಿತು. 2010ರಲ್ಲಿ ಫ್ರಾನ್ಸಿನಲ್ಲಿ ಇದರ ಎರಡನೆಯ ಬಗೆ ಹುಟ್ಟಿಕೊಂಡು ಹಲವು ದೇಶಗಳಿಗೆ ಹಬ್ಬಿತು. ಮನುಷ್ಯರಿಗೆ, ದನಕರುಗಳಿಗೆ, ಕುರಿ ಕೋಳಿಗೆ ಇದು ಬರುವುದಿಲ್ಲ. ಮೊಲಕ್ಕೆ ಬಂದರೆ ಮಾತ್ರ ಔಷಧವಿಲ್ಲ. ಹಳೆಯ ಬಗೆಯ ರೋಗ ತಗುಲಿದ ದೊಡ್ಡ ಮೊಲಗಳಲ್ಲಿ ನೂರಕ್ಕೆ 70ರಿಂದ 90 ಸಾಯುತ್ತವೆ.

ಹಾಗಾಗಿ ಮೊದಲ ಗಂಟೆಯಲ್ಲಿ ಮಾಡುವುದಕ್ಕಿಂತ ಮಾಡದಿರುವುದೇ ಹೆಚ್ಚು. ಉಳಿದ ಮೊಲಗಳನ್ನು ‘ಸುರಕ್ಷಿತ ಜಾಗಕ್ಕೆ’ ಸಾಗಿಸಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಆ ಕ್ಷಣದಲ್ಲಿ ಚೆನ್ನಾಗಿ ಕಾಣುವ ಮೊಲದೊಳಗೆ ವೈರಾಣು ಆಗಲೇ ಕೂತಿರಬಹುದು. ಹಳೆಯ ಬಗೆಯಾದರೆ ತಗುಲಿದ ಒಂದರಿಂದ ಮೂರು ದಿನಕ್ಕೆ ರೋಗ ತೋರುತ್ತದೆ, ಹೊಸ ಬಗೆಗೆ ಇನ್ನೂ ಹೆಚ್ಚು ದಿನ ಬೇಕಾಗಬಹುದು. ನೋಡಲು ಬಂದ ನೆರೆಯವರನ್ನು ಒಳಗೆ ಬಿಡಬೇಡಿ. ಹೋದ ವರ್ಷ ಮೇ ತಿಂಗಳಿನಲ್ಲಿ ನನ್ನ ಶೆಡ್ಡಿನಲ್ಲಿ ಸಾವು ಶುರುವಾದಾಗ ಪಕ್ಕದ ಹೊಲದ ಹುಡುಗ ಓಡಿ ಬಂದ. ಅವನ ಮನೆಯಲ್ಲೂ ಎಂಟು ಮೊಲಗಳಿವೆ. ‘ಕಾಕಾ, ಒಂದು ಸಲ ನೋಡಿ ಹೋಗುತ್ತೇನೆ’ ಎಂದ. ‘ನಿನ್ನ ಮೊಲ ಬದುಕಬೇಕೆಂದರೆ ಅಲ್ಲೇ ನಿಲ್ಲು ತಮ್ಮಾ’ ಎಂದೆ. ಮುಖ ಸಣ್ಣದು ಮಾಡಿಕೊಂಡು ಹೋದ. ಹೋಗಲಿ.

ಶೆಡ್ಡಿಗೆ ಒಬ್ಬರೇ ಹೋಗಿ ಬರಬೇಕು. ಒಳಗಿನ ಚಪ್ಪಲಿ ಒಳಗೇ ಇರಲಿ, ಹೊರಗಿನದು ಹೊರಗೆ. ಬಟ್ಟೆಯೂ ಹಾಗೆಯೇ. ಮೇವು ನೀರು ಹಾಕುವಾಗ ಸಾವಿಲ್ಲದ ಸಾಲಿನಿಂದ ಶುರು ಮಾಡಿ ಸಾವಾದ ಗೂಡಿನ ಹತ್ತಿರ ಮುಗಿಸಬೇಕು, ಮತ್ತೆ ಹಿಂದಕ್ಕೆ ಹೋಗಬಾರದು. ಆ ದಿನ ಕೊಯ್ದ ಕುದುರೆಮೆಂತ್ಯ ಬೇರೆಯವರಿಗೂ ಹೋಗುತ್ತಿದ್ದರೆ ನಿಲ್ಲಿಸಿ. ಮೊಲದ ಹಿಕ್ಕೆಯ ಗೊಬ್ಬರವನ್ನು ಮೆಣಸಿನಗಿಡಕ್ಕೆ ಒಯ್ಯುವವರು ನಮ್ಮ ಕಡೆ ಬಹಳ. ಅವರಿಗೂ ಬೇಡ ಎನ್ನಿ.

ಸಾವಿನ ಸಾಲು

ಒಂದು ಹಾಳೆಯ ಮೇಲೆ ಗೂಡುಗಳ ಚಿತ್ರ ಬರೆಯಿರಿ, ಇದ್ದಂತೆಯೇ, ಮೇಲಿನ ಸಾಲು ಕೆಳಗಿನ ಸಾಲು. ಸತ್ತ ಗೂಡಿಗೆ ಗೀಟು ಹಾಕಿ ಪಕ್ಕದಲ್ಲಿ ದಿನ, ಹೊತ್ತು, ವಯಸ್ಸು, ಗಂಡೋ ಹೆಣ್ಣೋ, ಗಬ್ಬವೋ, ಯಾವ ಚೀಲದ ದಾಣಿ ತಿಂದಿತ್ತು ಎಂಬುದನ್ನು ಬರೆಯಿರಿ. ವೈದ್ಯರು ಬಂದಾಗ ನೀವು ಕೊಡಬಹುದಾದ ಅತಿ ಬೆಲೆಬಾಳುವ ವಸ್ತು ಈ ಹಾಳೆ. ಹೆಣವನ್ನು ಯಾರು ಬೇಕಾದರೂ ಕೊಯ್ದು ನೋಡಬಹುದು, ಈ ಹಾಳೆಯನ್ನು ನೀವು ಮಾತ್ರ ಬರೆಯಬಲ್ಲಿರಿ.

ಮಧ್ಯಾಹ್ನ ಎರಡರಿಂದ ಐದರ ಒಳಗೆ, ತಗಡಿಗೆ ಹತ್ತಿರದ ಮೇಲಿನ ಸಾಲಿನಲ್ಲಿ, ಗಬ್ಬದ ದಪ್ಪ ಹೆಣ್ಣುಗಳೇ ಸತ್ತಿದ್ದು, ಉಳಿದವು ಕಿವಿ ಕೆಂಪಾಗಿ ಬಾಯಿ ತೆರೆದು ತೇಕುತ್ತಿದ್ದರೆ ಅದು ಬಿಸಿಲಿನ ಹೊಡೆತ. ಮೊಲ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ಏಪ್ರಿಲ್ ಮೇ ತಿಂಗಳಿನಲ್ಲಿ ಹುಬ್ಬಳ್ಳಿ, ಗದಗದ ಕಡೆ ಇದು ಎಲ್ಲಕ್ಕಿಂತ ಸಾಮಾನ್ಯ. ತಗಡಿನ ಮೇಲೆ ತೆಂಗಿನ ಗರಿ, ಒದ್ದೆ ಗೋಣಿ ಹಾಕಿ, ಬಾಟಲಿಯಲ್ಲಿ ತಣ್ಣೀರು ತುಂಬಿ ಗೂಡಿನಲ್ಲಿಡಿ. ಮರುದಿನ ಸಾವು ನಿಂತರೆ ಉತ್ತರ ಸಿಕ್ಕಿತು.

ಹಾಲು ಬಿಟ್ಟ ಮರಿಗಳು, ಅಂದರೆ ಒಂದರಿಂದ ಮೂರು ತಿಂಗಳಿನವು, ಹೊಟ್ಟೆ ಉಬ್ಬಿ ತೆಳ್ಳಗೆ ಉಚ್ಚಿಕೊಂಡು ಕೆಲವು ದಿನ ಸೊರಗಿ ಸತ್ತು, ತಾಯಂದಿರು ಗಟ್ಟಿಯಾಗಿದ್ದರೆ ಅದು ಕಾಕ್ಸಿಡಿಯಾ ಎಂಬ ಪರಾವಲಂಬಿ ಜೀವಿಯ ಕಾಟ. ಮಳೆಗಾಲದಲ್ಲಿ ನೆಲ ಒಣಗದ ಶೆಡ್ಡಿನಲ್ಲಿ ಇದು ತಪ್ಪಿದ್ದಲ್ಲ. ಇದಕ್ಕೆ ಔಷಧವಿದೆ. ಮೂಗಿನಲ್ಲಿ ಬಿಳಿ ಸಿಂಬಳ, ಮುಂಗಾಲಿನ ರೋಮ ಅಂಟಂಟು, ವಾರಗಟ್ಟಲೆ ಸೀನು ಇದ್ದ ಶೆಡ್ಡಿನಲ್ಲಿ ಸಾವಾದರೆ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಮೊದಲು ಶಂಕಿಸಬೇಕು. ಅದೂ ಒಮ್ಮೊಮ್ಮೆ ರಕ್ತಕ್ಕೆ ಇಳಿದು ರಾತ್ರೋರಾತ್ರಿ ಕೊಲ್ಲುತ್ತದೆ ಎನ್ನುವುದು ನೆನಪಿರಲಿ.

ರಕ್ತಸ್ರಾವ ರೋಗದ ಸಾಲು ಕಾಕ್ಸಿಡಿಯಾದ ಸಾಲಿಗೆ ತಿರುಗುಮುರುಗು. ದೊಡ್ಡವು ಸಾಯುತ್ತವೆ, ಗೂಡುಪೆಟ್ಟಿಗೆಯಲ್ಲಿ ಕಣ್ಣು ಬಿಟ್ಟ ಮರಿಗಳು ಸತ್ತ ತಾಯಿಯ ಪಕ್ಕದಲ್ಲಿ ಹಸಿದು ಓಡಾಡುತ್ತಿರುತ್ತವೆ. ಹಳೆಯ ಬಗೆಯ ವೈರಾಣು ಸುಮಾರು ನಾಲ್ಕು ವಾರದೊಳಗಿನ ಮರಿಗಳನ್ನು ಕೊಲ್ಲುವುದಿಲ್ಲ. 2010ರ ಹೊಸ ಬಗೆ ಎಳೆಯ ಮರಿಗಳನ್ನೂ ಬಿಡುವುದಿಲ್ಲ, ಆದ್ದರಿಂದ ಮರಿ ಸತ್ತಿದೆ ಎಂಬ ಒಂದೇ ಕಾರಣಕ್ಕೆ ಇದು ಆ ರೋಗವಲ್ಲ ಎಂದು ನಿಟ್ಟುಸಿರು ಬಿಡಬೇಡಿ. ಮೊದಲು ಒಂದೋ ಎರಡೋ, ನಡುವೆ ಒಂದೆರಡು ದಿನ ಏನೂ ಇಲ್ಲ, ಆಮೇಲೆ ಒಮ್ಮೆಲೇ ಸಾಲು ಸಾಲು. ಆ ನಡುವಿನ ದಿನಗಳಲ್ಲಿಯೇ ಜನ ‘ಮುಗಿಯಿತು ಬಿಡು’ ಎಂದು ಗೇಟು ತೆರೆಯುವುದು.

ಮೈಯ ಗುರುತುಗಳು

ರೋಗ ಬಂದ ಮೊಲಕ್ಕೆ ಜ್ವರ ಏರುತ್ತದೆ, ಅದಾದ 12ರಿಂದ 36 ಗಂಟೆಯೊಳಗೆ ಸಾವು. ಹಲವು ಮೊಲಗಳಲ್ಲಿ ಇಷ್ಟೂ ಕಾಣುವುದಿಲ್ಲ. ಕಂಡರೆ ಮೇವು ಬಿಡುವುದು, ಮೂಲೆ ಸೇರುವುದು, ಕೊನೆಗೆ ಒದ್ದಾಡಿ ಕುತ್ತಿಗೆಯನ್ನು ಬೆನ್ನಿನತ್ತ ಸೆಟೆದು ಕಿರುಚಿ ಸಾಯುವುದು, ಮೂಗಿನಲ್ಲಿ ರಕ್ತದ ನೊರೆ. ಮೊಲದ ಸಹಜ ಶಾಖ ಹೆಚ್ಚುಕಡಿಮೆ 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಗುದದಲ್ಲಿ ಇಟ್ಟು ನೋಡುವ ಒಂದು ಥರ್ಮಾಮೀಟರು ಶೆಡ್ಡಿನಲ್ಲಿ ಇರಲೇಬೇಕು. ಮೀಟರಿಲ್ಲದೆ ಮೋಟಾರು ನೋಡುವವನಿಗೂ ಥರ್ಮಾಮೀಟರಿಲ್ಲದೆ ಮೊಲ ಸಾಕುವವನಿಗೂ ಏನು ವ್ಯತ್ಯಾಸ? ಸಾವಿಲ್ಲದ ಸಾಲಿನಲ್ಲಿ ಮೊದಲು ನೋಡಿ, ಪ್ರತಿ ಮೊಲಕ್ಕೂ ಒರೆಸಿ.

ಮೂಗಿನಲ್ಲಿ ರಕ್ತ ಕಂಡ ಕೂಡಲೇ ವೈರಾಣು ಎಂದು ತೀರ್ಪು ಕೊಡಬೇಡಿ. ನಾನೇ ಈ ಗುಂಡಿಗೆ ಬಿದ್ದವನು. ಆ ಮೇ ತಿಂಗಳಿನಲ್ಲಿ ಮೂರು ದೊಡ್ಡ ಮೊಲಗಳು, ಮೂಗಿನಲ್ಲಿ ರಕ್ತ. ಎರಡು ದಿನ ಬಿಟ್ಟು ಮತ್ತೆ ನಾಲ್ಕು. ಪೆಟ್ಟಿಗೆಯ ಮರಿಗಳು ಚೆನ್ನಾಗಿವೆ. ಮೇಲೆ ಹೇಳಿದ ಸಾಲು ಅಚ್ಚೊತ್ತಿದ ಹಾಗೆ. ಆದರೆ ಹಾಳೆಯ ಮೇಲೆ ಗೀಟು ಎಳೆಯುತ್ತ ಹೋದಾಗ ಎಲ್ಲ ಸಾವೂ ಕೆಳಗಿನ ಸಾಲಿನಲ್ಲೇ ಇದ್ದವು. ಮೇಲಿನ ಸಾಲಿಗೆ ದಾಣಿ ಹಾಕುವವನು ನಾನು, ಮುಚ್ಚಳವಿರುವ ಡ್ರಮ್ಮಿನಿಂದ. ಕೆಳಗಿನ ಸಾಲಿಗೆ ನನ್ನ ಅಣ್ಣನ ಮಗ, ಬಾಯಿ ಬಿಚ್ಚಿದ ಚೀಲದಿಂದ. ನರಳುತ್ತಿದ್ದ ಎರಡು ಮೊಲಗಳ ಶಾಖ ನೋಡಿದರೆ ಜ್ವರವಿಲ್ಲ, 38 ಡಿಗ್ರಿಗೂ ಕೆಳಗೆ. ಒಸಡು ಬೆಳ್ಳಗೆ, ಮಂಡಿ ಊದಿಕೊಂಡಿದೆ, ಹೊಟ್ಟೆಯ ಚರ್ಮದಡಿ ನೀಲಿ ಕಲೆ. ಚೀಲವನ್ನು ಬೋರಲು ಹಾಕಿ ಜಾಲಿಸಿದಾಗ ತಳದಲ್ಲಿ ನೀಲಿ ಚೂರುಗಳು ಸಿಕ್ಕವು. ಇಲಿಗೆಂದು ಇಟ್ಟಿದ್ದ ಬ್ರೊಮಾಡಿಯೋಲೋನ್ ಬಿಲ್ಲೆಯನ್ನು ಇಲಿಗಳೇ ಎಳೆದು ತಂದು ದಾಣಿಯಲ್ಲಿ ಉದುರಿಸಿದ್ದವು. ಈ ವಿಷ ತಿಂದ ದಿನವೇ ಕೊಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟುವುದನ್ನು ತಡೆದು ಕೆಲವು ದಿನಗಳ ಮೇಲೆ ಒಂದೊಂದಾಗಿ ಕೊಲ್ಲುತ್ತದೆ, ಥೇಟ್ ಸಾಂಕ್ರಾಮಿಕದ ಹಾಗೆ. ಮರಿಗಳು ಉಳಿದದ್ದೂ ಅವು ಇನ್ನೂ ಹಾಲು ಕುಡಿಯುತ್ತಿದ್ದ ಕಾರಣಕ್ಕೆ, ದಾಣಿ ಮುಟ್ಟಿರಲಿಲ್ಲ. ವೈದ್ಯರು ಕೊಟ್ಟ ವಿಟಮಿನ್ ಕೆ ಒಂದರ ಚುಚ್ಚುಮದ್ದಿನಿಂದ ಆ ಎರಡು ಬದುಕಿದವು. ಆದರೂ ಯಕೃತ್ತಿನ ತುಂಡು ಪರೀಕ್ಷೆಗೆ ಹೋಯಿತು, ವೈರಾಣು ಇಲ್ಲ ಎಂಬ ವರದಿ ಬರುವವರೆಗೆ ಬೀಗವೂ ಹಾಗೆಯೇ ಇತ್ತು.

ಮೇವಿನ ಬೇರೆ ತಾಪತ್ರಯಗಳೂ ನಮ್ಮ ಸೀಮೆಗೆ ಹೊಸದಲ್ಲ. ಹಾವೇರಿಯ ಕಡೆ ಮೆಕ್ಕೆಜೋಳದ ಹಸಿ ಸೊಪ್ಪನ್ನು ಮೊಲಕ್ಕೆ ಹಾಕುವವರಿದ್ದಾರೆ. 2018ರಲ್ಲಿ ಭಾರತದಲ್ಲಿ ಕರ್ನಾಟಕದಲ್ಲೇ ಮೊದಲು ಕಾಣಿಸಿದ ಫಾಲ್ ಸೈನಿಕ ಹುಳುವಿನ ನಂತರ ಮೆಕ್ಕೆಜೋಳದ ಸುಳಿಗೆ ಔಷಧ ಹೊಡೆಯದ ಹೊಲ ಅಪರೂಪ. ಔಷಧ ಬಿದ್ದ ಸೊಪ್ಪು ತಿಂದರೆ ಗಂಟೆಗಳಲ್ಲೇ ಜೊಲ್ಲು, ನಡುಕ, ಒಂದೇ ಹೊತ್ತಿಗೆ ಹಲವು ಸಾವು. ಬೂಸ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಇರುತ್ತದೆ. ಅದು ಯಕೃತ್ತನ್ನು ಕೆಡಿಸುತ್ತದೆ, ಮೊಲ ಸೊರಗಿ ಸಾಯುತ್ತದೆ. ಇವೆರಡರಲ್ಲೂ ಮೇವು ಬದಲಿಸಿದರೆ ಹೊಸದಾಗಿ ಬೀಳುವ ಮೊಲಗಳ ಸಂಖ್ಯೆ ಇಳಿಯುತ್ತದೆ. ವೈರಾಣುವಿಗೆ ಮೇವಿನ ಹಂಗಿಲ್ಲ.

ವೈದ್ಯರು, ಮಾದರಿ, ಕಾನೂನು

ತಾಲ್ಲೂಕು ಪಶು ಆಸ್ಪತ್ರೆಗೆ ಅಥವಾ 1962 ಸಹಾಯವಾಣಿಗೆ ಕರೆ ಮಾಡಿ. ‘ಮೊಲಕ್ಕೆಲ್ಲ ಡಾಕ್ಟರೇ?’ ಎಂದು ಮನೆಯಲ್ಲಿ ನಗುತ್ತಾರೆ, ನಗಲಿ. ಸಾಂಕ್ರಾಮಿಕ ಎಂದು ಅನುಮಾನ ಬಂದರೆ ತಿಳಿಸುವುದು ಸಾಕಿದವರ ಕರ್ತವ್ಯ ಎಂದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆ ಹೇಳುತ್ತದೆ. ಮೊಲಗಳನ್ನು ಆಸ್ಪತ್ರೆಗೆ ಒಯ್ಯಬೇಡಿ, ಫೋನಿನಲ್ಲಿ ಹಾಳೆ ಓದಿ ಹೇಳಿ, ಏನು ಮಾಡಬೇಕೆಂದು ಅವರೇ ಹೇಳಲಿ.

ಹೆಣವನ್ನು ನೀವೇ ಕೊಯ್ಯಬೇಡಿ. ರಕ್ತ ನೆಲಕ್ಕೆ ಬಿದ್ದರೆ ಶೆಡ್ಡಿನ ತುಂಬ ವೈರಾಣು ಎರಚಿದಂತೆ. ವೈದ್ಯರು ಕೊಯ್ದಾಗ ಅವರು ನೋಡುವುದು ಯಕೃತ್ತನ್ನು. ಈ ರೋಗದಲ್ಲಿ ಅದು ಬೆಳ್ಳಗಾಗಿ ಜಾಲರಿಯಂಥ ಗೆರೆ ಮೂಡಿರುತ್ತದೆ. ಗುಲ್ಮ ಕಪ್ಪಾಗಿ ಊದಿರುತ್ತದೆ. ಶ್ವಾಸನಾಳದಲ್ಲಿ ನೊರೆ, ಶ್ವಾಸಕೋಶದಲ್ಲಿ ರಕ್ತದ ಚುಕ್ಕೆಗಳು. ಪರೀಕ್ಷೆಗೆ ಹೋಗಬೇಕಾದದ್ದೂ ಯಕೃತ್ತೇ, ವೈರಾಣು ಅಲ್ಲಿಯೇ ಹೆಚ್ಚು. ವೈದ್ಯರು ಬರುವುದು ತಡವಾದರೆ ಆಗತಾನೆ ಸತ್ತ ಮೊಲವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಥರ್ಮೋಕೋಲ್ ಪೆಟ್ಟಿಗೆಯ ಮಂಜುಗಡ್ಡೆಯಲ್ಲಿಡಿ. ಮನೆಯ ಫ್ರಿಜ್ಜಿನಲ್ಲಿ ಬೇಡ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ, ವಿಶೇಷ ಎಚ್ಚರಿಕೆ ಬೇಕಾದ ರೋಗಗಳಿಗೆ ಭೋಪಾಲದ ರಾಷ್ಟ್ರೀಯ ಉನ್ನತ ಭದ್ರತಾ ಪ್ರಾಣಿರೋಗ ಸಂಸ್ಥೆ ಇದೆ. ಎಲ್ಲಿಗೆ ಹೋಗಬೇಕೆಂದು ವೈದ್ಯರು ತೀರ್ಮಾನಿಸುತ್ತಾರೆ. ಈಗ ಪಿಸಿಆರ್ ಪರೀಕ್ಷೆ ಬಂದಿದೆ. ಮೊದಲೆಲ್ಲ ಹಳೆಯ ಬಗೆಯನ್ನು ಗುರುತಿಸುತ್ತಿದ್ದುದು ಓ ಗುಂಪಿನ ಮನುಷ್ಯರ ಕೆಂಪು ರಕ್ತಕಣಗಳನ್ನು ಬಳಸಿ. ಆ ಕಣಗಳನ್ನು ಈ ವೈರಾಣು ಗುಂಪುಗಟ್ಟಿಸುತ್ತದೆ. ಮನುಷ್ಯನಿಗೆ ರೋಗ ತರದ ವೈರಾಣುವನ್ನು ಮನುಷ್ಯನ ರಕ್ತದಿಂದಲೇ ಹಿಡಿಯುವ ವಿಚಿತ್ರ ನನಗೆ ಬಹಳ ಇಷ್ಟವಾಯಿತು.

ಲಸಿಕೆಯ ವಿಷಯ. ಹೊರದೇಶಗಳಲ್ಲಿ ಈ ರೋಗಕ್ಕೆ ಲಸಿಕೆ ಹಾಕುತ್ತಾರೆ. ಕುರಿಗೆ ಹಾಕುವ ಕರುಳುಬೇನೆಯ ಲಸಿಕೆ ಮನೆಯಲ್ಲಿ ಉಳಿದಿದೆ ಎಂದು ಮೊಲಕ್ಕೆ ಚುಚ್ಚಿದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಸೂಜಿಯೊಂದು ಗೂಡಿನಿಂದ ಗೂಡಿಗೆ ಹೋದದ್ದಷ್ಟೇ ಫಲ.

ಅರ್ಧ ಬೆಲೆಯ ಆಸೆ

ಎರಡನೆಯ ದಿನ ಸಂಜೆಗೆ ಯಾರಾದರೂ ಬಂದೇ ಬರುತ್ತಾರೆ. ನನ್ನ ಹತ್ತಿರ ಬಂದವನು ಮಾಂಸಕ್ಕೆ ಮೊಲ ಒಯ್ಯುವ ಹಳೆಯ ಗಿರಾಕಿ. ‘ಸತ್ತರೆ ಸೊನ್ನೆ, ಈಗ ಕೊಟ್ಟರೆ ಅರ್ಧ. ನೀವೇ ಲೆಕ್ಕ ಹಾಕಿರಿ ಅಣ್ಣಾ’ ಎಂದ. ಲೆಕ್ಕ ಅವನು ಹೇಳಿದ ಹಾಗೆಯೇ ಇತ್ತು. ಸುಳ್ಳೇನಲ್ಲ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಹಾಗೆ ಒಯ್ದ ಮೊಲದ ಚರ್ಮ, ಕರುಳು, ತೊಳೆದ ನೀರು ಎಲ್ಲಿ ಬೀಳುತ್ತವೆಯೋ ಅಲ್ಲಿಗೆ ರೋಗವೂ ಹೋಗುತ್ತದೆ. ಈ ವೈರಾಣುವಿಗೆ ತಂಪು ಎಂದರೆ ಆಯುಷ್ಯ. 1988ರ ಕೊನೆಯಲ್ಲಿ ಮೆಕ್ಸಿಕೊ ದೇಶಕ್ಕೆ ಇದು ಕಾಲಿಟ್ಟಿದ್ದು ಚೀನಾದಿಂದ ಬಂದ ಹೆಪ್ಪುಗಟ್ಟಿಸಿದ ಮೊಲದ ಮಾಂಸದ ಜೊತೆಗೆ. ಜೀವಂತ ಮೊಲ ಒಂದೂ ಬೇಕಾಗಲಿಲ್ಲ. ವಿಷ ತಿಂದಿದ್ದರೆ ಇನ್ನೂ ಕೆಟ್ಟದು, ತಿನ್ನುವ ಮನುಷ್ಯರ ಹೊಟ್ಟೆಗೇ ಹೋಗುತ್ತದೆ. ನನ್ನ ಮೊಲಗಳು ತಿಂದಿದ್ದೂ ವಿಷವನ್ನೇ ಆಗಿತ್ತಲ್ಲ! ಕಾರಣ ತಿಳಿಯದ ಸಾವಿದ್ದ ಶೆಡ್ಡಿನಿಂದ ಬದುಕಿರುವುದನ್ನಾಗಲಿ ಸತ್ತಿರುವುದನ್ನಾಗಲಿ ಯಾವ ಬೆಲೆಗೂ ಕೊಡಬೇಡಿ.

ಹೂಳುವುದು

ಹೆಣವನ್ನು ಹಳ್ಳಕ್ಕೆ, ತಿಪ್ಪೆಗೆ ಎಸೆದರೆ ನಾಯಿ ನರಿ ಎಳೆದಾಡುತ್ತವೆ. ಅವುಗಳಿಗೆ ರೋಗ ಬರದಿದ್ದರೂ ತಿಂದು ಹೊರಹಾಕಿದ ಲದ್ದಿಯಲ್ಲಿ ವೈರಾಣು ಉಳಿದಿರಬಲ್ಲದು. ಬಾವಿ, ಕೊಳವೆಬಾವಿ, ಹಳ್ಳದಿಂದ ದೂರದಲ್ಲಿ ನಾಲ್ಕು ಅಡಿಗೆ ಕಡಿಮೆಯಿಲ್ಲದ ಗುಂಡಿ ತೆಗೆಯಿರಿ. ಎರೆಭೂಮಿಯವರಿಗೆ ಇಲ್ಲೊಂದು ಮಾತು: ಬೇಸಿಗೆಯಲ್ಲಿ ಎರೆ ಕೈ ಹೋಗುವಷ್ಟು ಬಿರಿಯುತ್ತದೆ. ಮುಚ್ಚಿದ ಗುಂಡಿಯೂ ವಾರದಲ್ಲಿ ಬಾಯಿ ಬಿಡುತ್ತದೆ, ನೊಣ ಇಳಿಯುತ್ತದೆ. ಆದ್ದರಿಂದ ಹೆಣದ ಮೇಲೆ ಸುಣ್ಣ, ಸುಣ್ಣದ ಮೇಲೆ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ತುಳಿದು, ಮೇಲೆ ಕಲ್ಲು, ಜಾಲಿಮುಳ್ಳು ಹೇರಬೇಕು. ಮಳೆ ಬಿದ್ದ ಮೇಲೆ ಎರೆಯಲ್ಲಿ ಗುಂಡಿ ತೋಡಿದರೆ ನೀರು ನಿಲ್ಲುತ್ತದೆ. ಆಗ ಮಸಾರಿ (ಕೆಂಪು ಮಣ್ಣಿನ) ದಿಣ್ಣೆ ಹುಡುಕಿ, ಇಲ್ಲವೇ ಸೌದೆ ಸಾಕಷ್ಟಿದ್ದರೆ ಪೂರ್ತಿ ಬೂದಿಯಾಗುವವರೆಗೆ ಸುಡಿ. ಅರ್ಧ ಸುಟ್ಟು ಬಿಟ್ಟರೆ ಹೂಳದ ಹಾಗೆಯೇ.

ತೊಳೆಯುವುದು, ನೊಣ

ಈ ವೈರಾಣುವಿಗೆ ಮೇಲ್ಪೊರೆಯಿಲ್ಲ, ಹಾಗಾಗಿ ಸಾಬೂನಿಗೆ ಸಾಯುವುದಿಲ್ಲ. ಒಣಗಿದ ಕೊಳೆಯಲ್ಲಿ ಕೋಣೆಯ ಶಾಖದಲ್ಲೇ ಮೂರು ತಿಂಗಳಿಗೂ ಮೀರಿ ಬದುಕುತ್ತದೆ, 50 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಇಟ್ಟರೂ ಉಳಿಯುತ್ತದೆ. ಬಿಸಿಲಿಗೆ ಹಾಕಿದೆ, ಫಿನೈಲ್ ಹೊಡೆದೆ ಎಂದರೆ ಸಾಲದು. ಕ್ಲೋರಿನ್ ಬೇಕು.

ಆದರೆ ಮೊದಲು ಕೊಳೆ ಹೋಗಬೇಕು. ಹಿಕ್ಕೆ, ರೋಮ, ಉಚ್ಚೆಯ ಬಿಳಿ ಹಕ್ಕಳೆಯನ್ನು ನೀರು ಚಿಮುಕಿಸಿ ಕೆರೆದು ತೆಗೆದು (ಒಣ ಪೊರಕೆ ಬೇಡ, ಧೂಳು ಏಳುತ್ತದೆ), ಸಾಬೂನಿನ ನೀರಿನಿಂದ ಉಜ್ಜಿ, ಆಮೇಲೆ ಕ್ಲೋರಿನ್. ಕೊಳೆಯ ಮೇಲೆ ಸುರಿದ ಬ್ಲೀಚಿಂಗ್ ಪೌಡರ್ ಕೊಳೆಯ ಜೊತೆಗೇ ಸೆಣಸಿ ಮುಗಿದುಹೋಗುತ್ತದೆ. ಹೊಸ ಡಬ್ಬಿಯ ಪೌಡರ್ ಆದರೆ ಹತ್ತು ಲೀಟರಿನ ಬಕೆಟ್ಟಿಗೆ ಸುಮಾರು 170 ಗ್ರಾಂ. ಬಾಟಲಿಯಲ್ಲಿ ಸಿಗುವ ದ್ರವ ಬ್ಲೀಚ್ ಆದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಹಚ್ಚಿದ ಜಾಗ ಹತ್ತು ನಿಮಿಷವಾದರೂ ಒದ್ದೆಯಾಗಿಯೇ ಇರಬೇಕು, ನಮ್ಮ ಬೇಸಿಗೆಯಲ್ಲಿ ಮೂರೇ ನಿಮಿಷಕ್ಕೆ ಆರುತ್ತದೆ, ಆದ್ದರಿಂದ ಮತ್ತೆ ಮತ್ತೆ ಹಚ್ಚಬೇಕು. ಬಾಯಿ ಬಿಚ್ಚಿ ವರ್ಷವಾದ ಪೌಡರಿನಲ್ಲಿ ವಾಸನೆ ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. ಬಚ್ಚಲು ತೊಳೆಯುವ ಆಸಿಡ್ ಜೊತೆ ಬೆರೆಸಿದರೆ ವಿಷದ ಗಾಳಿ ಏಳುತ್ತದೆ, ಮೊಲಕ್ಕಿಂತ ಮೊದಲು ನೀವು ಬೀಳುತ್ತೀರಿ. ತಂತಿಜಾಲರಿಗೆ ಬ್ಲೋ ಲ್ಯಾಂಪಿನ ಉರಿ ಹಾಯಿಸುವುದು ಒಳ್ಳೆಯದು. ಮರದ ಪೆಟ್ಟಿಗೆ, ಗೋಣಿ, ಹುಲ್ಲನ್ನು ಸುಟ್ಟುಬಿಡಿ. ಮರದ ಸಂದಿಯೊಳಗೆ ಕ್ಲೋರಿನ್ ಇಳಿಯುವುದಿಲ್ಲ.

ನೊಣವನ್ನು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಸ್ಟ್ರೇಲಿಯಾದವರು ಕಾಡುಮೊಲಗಳ ಹಾವಳಿ ತಗ್ಗಿಸಲೆಂದು ಇದೇ ವೈರಾಣುವನ್ನು ವಾರ್ಡಾಂಗ್ ದ್ವೀಪದಲ್ಲಿ ಬೇಲಿಯೊಳಗಿಟ್ಟು ಪರೀಕ್ಷಿಸುತ್ತಿದ್ದರು. 1995ರಲ್ಲಿ ಅದು ಸಮುದ್ರ ದಾಟಿ ಮುಖ್ಯಭೂಮಿಗೆ ಬಂದಿತು. ಹೊತ್ತೊಯ್ದದ್ದು ನೊಣದಂಥ ಕೀಟಗಳೇ ಎಂದು ನಂಬಲಾಗಿದೆ. ಸಮುದ್ರವನ್ನೇ ದಾಟಿದ್ದಕ್ಕೆ ನಿಮ್ಮ ತಂತಿಬೇಲಿ ಯಾವ ಲೆಕ್ಕ? ಹೆಣವನ್ನು ಒಂದು ಕ್ಷಣವೂ ತೆರೆದಿಡದಿರುವುದು, ಗೂಡಿನಡಿಯ ಹಿಕ್ಕೆಯನ್ನು ದಿನವೂ ತೆಗೆದು ಮುಚ್ಚುವುದು, ಕಿಟಕಿಗೆ ಸೊಳ್ಳೆಪರದೆ ಹೊಡೆಯುವುದು, ಇಷ್ಟು ನಮ್ಮ ಕೈಯಲ್ಲಿದೆ.

ಮತ್ತೆ ತುಂಬುವುದು

ರೋಗ ಖಚಿತವಾಗಿದ್ದರೆ ಬದುಕಿ ಉಳಿದ ಮೊಲಗಳನ್ನು ‘ಗಟ್ಟಿ ತಳಿ’ ಎಂದು ಮಾರಬೇಡಿ. ಚೇತರಿಸಿಕೊಂಡ ಮೇಲೂ ಅವು ಕೆಲವು ವಾರ ವೈರಾಣುವನ್ನು ಹೊರಹಾಕಬಹುದು. ಅವುಗಳನ್ನು ಇಟ್ಟುಕೊಳ್ಳುವುದೋ ಬೇಡವೋ ಎಂಬುದನ್ನು ವೈದ್ಯರೇ ಹೇಳಬೇಕು. ಶೆಡ್ಡು ಪೂರ್ತಿ ಖಾಲಿಯಾಗಿದ್ದರೆ ಎರಡು ಸಲ ತೊಳೆದು, ನಾಲ್ಕು ತಿಂಗಳು ಹಾಗೆಯೇ ಬಿಡುವುದು ನನ್ನ ಮಟ್ಟಿಗೆ ಸರಿಯಾದ ಲೆಕ್ಕ. ಬ್ಯಾಂಕಿನ ಕಂತು ಇರುವವರಿಗೆ ಇದು ಕಹಿ ಎಂದು ಗೊತ್ತಿದೆ, ಆದರೆ ಹೊಸ ಮರಿಗಳನ್ನು ಮತ್ತೆ ಗುಂಡಿಗೆ ಹಾಕುವುದು ಅದಕ್ಕಿಂತ ಕಹಿ.

ಆಮೇಲೂ ಒಮ್ಮೆಲೇ ತುಂಬಬೇಡಿ. ಲಸಿಕೆ ಕಾಣದ ಎರಡೋ ಮೂರೋ ದೊಡ್ಡ ಮೊಲಗಳನ್ನು, ಎರಡು ತಿಂಗಳು ದಾಟಿದವನ್ನು, ಮೊದಲು ಸಾವಾದ ಗೂಡಿನಲ್ಲೇ ಬಿಡಿ. ಮೋಟಾರು ಸುತ್ತಿದ ಮೇಲೆ ಬೋರಿಗೆ ಇಳಿಸುವ ಮೊದಲು ಬೆಂಚಿನ ಮೇಲೆ ಓಡಿಸಿ ನೋಡುವ ಹಾಗೆ. ದಿನವೂ ಬೆಳಿಗ್ಗೆ ಶಾಖ ನೋಡಿ ಬರೆದಿಡಿ. ಮೂರು ವಾರ ಅವು ಮೇವು ತಿಂದುಕೊಂಡು ಓಡಾಡಿದರೆ ಉಳಿದವನ್ನು ತನ್ನಿ. ತರುವಾಗ ಸಂತೆಯಲ್ಲಿ ನಾಲ್ಕು ಊರಿನವು ಬೆರೆತ ಪಂಜರದಿಂದ ಆರಿಸಬೇಡಿ, ಒಂದೇ ಸಾಕಣೆದಾರರಿಂದ, ಅವರ ಹಾಳೆಯನ್ನು ನೋಡಿ ತನ್ನಿ. ದಾಣಿಯ ಚೀಲಕ್ಕೆ ಮುಚ್ಚಳದ ಡ್ರಮ್ಮು ಮರೆಯಬೇಡಿ.